ಚೊಕೆಕಿರಾವ್‌ನಿಂದ ಮಾಚು ಪಿಚುವರೆಗೆ ನಡೆದು ಹೋಗುವವರಿಗೆ

ಪೆರುವಿನಲ್ಲಿ ಇಂಕಾ ಅವಶೇಷಗಳ ನಡುವೆ ನಡೆಯಬೇಕು ಅಂದರೆ ಮೊದಲು ಎಲ್ಲರೂ ಹೇಳುವುದು ನಾಲ್ಕು ದಿನದ ‘ಇಂಕಾ ಟ್ರೇಲ್’. ಅಲ್ಲಿಗೆ ದಿನಕ್ಕೆ 500 ಜನರಿಗಷ್ಟೇ ಅವಕಾಶ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರೆ ಹೊರುವವರದು ಮತ್ತು ಅಡುಗೆಯವರದು. ಪರವಾನಗಿ ಇರುವ ಸಂಸ್ಥೆಯ ಜೊತೆಗೇ ಹೋಗಬೇಕು, ಫೆಬ್ರವರಿ ಪೂರ್ತಿ ಬಂದ್. ಈ ಯಾವ ಕಟ್ಟುಪಾಡೂ ಇಲ್ಲದ, ಆದರೆ ಮೈಗೆ ಅದಕ್ಕಿಂತ ಎರಡರಷ್ಟು ಕಷ್ಟ ಕೊಡುವ ಇನ್ನೊಂದು ದಾರಿ ಇದೆ. ಅಪುರಿಮಾಕ್ ನದಿಯ ಕಮರಿ ಇಳಿದು ಹತ್ತಿ, ಚೊಕೆಕಿರಾವ್ ಎಂಬ ಇಂಕಾ ಊರಿನ ಅವಶೇಷ ನೋಡಿ, ಅಲ್ಲಿಂದ ಎರಡು ದೊಡ್ಡ ಪಾಸ್ (ಬೆಟ್ಟಸಾಲು ದಾಟುವ ಎತ್ತರದ ಕಣಿವೆದಾರಿ) ದಾಟಿ ಮಾಚು ಪಿಚುವಿನ ಬುಡಕ್ಕೆ ಬಂದು ಸೇರುವ ಸುಮಾರು 100 ಕಿ.ಮೀ. ದಾರಿ. ಎಂಟು ದಿನ ನಡಿಗೆ, ಒಂಬತ್ತನೆಯ ದಿನ ಮಾಚು ಪಿಚು. ನಡುವೆ ಒಂದು ದಿನ ಹೆಚ್ಚುವರಿ ಇಟ್ಟುಕೊಂಡರೆ ಒಟ್ಟು ಹತ್ತು.

ಈ ದಾರಿಯಲ್ಲಿ ಜನ ಸೋಲುವುದು ಪಾಸ್‌ಗಳಲ್ಲಿ ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಆದರೆ ಬಹುಪಾಲು ಜನ ಸುಸ್ತಾಗುವುದು ಮೊದಲ ಎರಡು ದಿನದಲ್ಲೇ, ಅದೂ ಕೆಳಗಡೆ, ನದಿಯ ಹತ್ತಿರ. 2,900 ಮೀಟರ್‌ನಿಂದ 1,500ಕ್ಕೆ ಇಳಿದು, ಮತ್ತೆ 2,900ಕ್ಕೆ ಹತ್ತಬೇಕು. ಕಮರಿಯ ತಳದಲ್ಲಿ ಮಧ್ಯಾಹ್ನದ ಬಿಸಿಲು ನಮ್ಮ ರಾಯಚೂರಿನ ಬೇಸಿಗೆಯನ್ನು ನೆನಪಿಸುತ್ತದೆ. ಹಾಗಾಗಿ ಮುಂದಿನ ಎಲ್ಲ ಲೆಕ್ಕಾಚಾರ ಒಂದೇ ಸೂತ್ರದ ಮೇಲೆ ನಿಂತಿದೆ: ನದಿಯಿಂದ ಮೇಲೇರುವ ನಡಿಗೆ ಬಿಸಿಲು ಬೀಳುವ ಮುಂಚೆ ಮುಗಿಯಬೇಕು.

ಯಾವಾಗ ಹೋಗಬೇಕು

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ಮೇ ಮತ್ತು ಸೆಪ್ಟೆಂಬರ್ ಅತ್ಯುತ್ತಮ. ಜೂನ್, ಜುಲೈಗಳಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಯನಾಮಾದಂಥ ಎತ್ತರದ ಊರಲ್ಲಿ ರಾತ್ರಿ ಬಾಟಲಿಯ ನೀರು ಹೆಪ್ಪುಗಟ್ಟಬಹುದು. ಜೂನ್ 24ರಂದು ಈ ಭಾಗದ ಮುಖ್ಯ ನಗರ ಕುಸ್ಕೊದಲ್ಲಿ ಇಂತಿ ರಾಯ್ಮಿ ಎಂಬ ಸೂರ್ಯನ ಹಬ್ಬ. ಆ ವಾರ ಕೋಣೆ ಸಿಗುವುದೂ ಕಷ್ಟ, ದರವೂ ಏರಿರುತ್ತದೆ. ನವೆಂಬರ್‌ನಿಂದ ಮಳೆ ಶುರು. ಜನವರಿಯಿಂದ ಮಾರ್ಚ್‌ವರೆಗೆ ಈ ದಾರಿಯ ಹೆಸರು ಎತ್ತದಿರುವುದೇ ಒಳ್ಳೆಯದು: ಗುಡ್ಡ ಕುಸಿದು ಹಾದಿಯೇ ಮಾಯವಾಗುತ್ತದೆ, ಅಪುರಿಮಾಕ್ ಉಕ್ಕುತ್ತದೆ. ರೊಸಲಿನಾದ ಸೇತುವೆ ಒಮ್ಮೆ ಕೊಚ್ಚಿಹೋಗಿ, ಜನ ತಂತಿಗೆ ನೇತುಹಾಕಿದ ತೊಟ್ಟಿಲಲ್ಲಿ ಕೂತು ನದಿ ದಾಟಬೇಕಾದ ಕಾಲವೂ ಇತ್ತು.

ಊರಲ್ಲಿದ್ದಾಗಲೇ ಮಾಡಬೇಕಾದ್ದು

ವೀಸಾ ವಿಷಯ ಮೊದಲು. ಭಾರತದ ಪಾಸ್‌ಪೋರ್ಟ್ ಇರುವವರ ಬಳಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರುವಂತೆ ಇದ್ದರೆ, ಇಲ್ಲವೇ ಆ ದೇಶಗಳಲ್ಲಿ ವಾಸದ ಪರವಾನಗಿ ಇದ್ದರೆ, ಪೆರುವಿಗೆ ಪ್ರವಾಸಿ ವೀಸಾ ಬೇಕಾಗುವುದಿಲ್ಲ. ಇಲ್ಲದವರು ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ನಿಯಮ ಬದಲಾಗುತ್ತಿರುತ್ತದೆ; ಟಿಕೆಟ್ ಕಾಯ್ದಿರಿಸುವ ಮುಂಚೆ ಒಮ್ಮೆ ಪರಿಶೀಲಿಸಿ.

ಎರಡನೆಯದು ಹಳದಿ ಜ್ವರದ ಲಸಿಕೆ. ಪೆರುವಿಗೆ ಇಳಿಯುವಾಗ ಇದನ್ನು ಯಾರೂ ಕೇಳದಿರಬಹುದು. ಕೇಳುವುದು ವಾಪಸು ಬಂದಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಪೆರು ಇದೆ. ಪ್ರಮಾಣಪತ್ರ ಇಲ್ಲದೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಆರೋಗ್ಯ ಅಧಿಕಾರಿಗಳಿಗಿದೆ. ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಪ್ರಮಾಣಪತ್ರ ಊರ್ಜಿತ, ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ದಿನ ಗೊತ್ತುಮಾಡಿಕೊಂಡೇ ಹೋಗಬೇಕು. ಆದ್ದರಿಂದ ಪ್ರಯಾಣಕ್ಕೆ ಒಂದೂವರೆ ತಿಂಗಳು ಇರುವಾಗಲೇ ಈ ಕೆಲಸ ಮುಗಿಸಿ.

ಮೂರನೆಯದು ಮಾಚು ಪಿಚುವಿನ ಟಿಕೆಟ್. ಚೊಕೆಕಿರಾವ್‌ಗೆ ಮುಂಗಡ ಪರವಾನಗಿ ಬೇಡ, ಅದರ ಹತ್ತಿರದ ಹಳ್ಳಿ ಮರಂಪಾಟಾದ ಬಳಿಯ ಚೌಕಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ನಗದು ಕೊಟ್ಟರೆ ಸಾಕು. ವಿದೇಶಿ ವಯಸ್ಕರಿಗೆ ಕೆಲವು ವರ್ಷಗಳಿಂದ 60 ಸೋಲ್ (ಪೆರುವಿನ ಹಣ) ಇದೆ. ಮಾಚು ಪಿಚು ಹಾಗಲ್ಲ. 2024ರ ಜೂನ್‌ನಿಂದ ಅಲ್ಲಿ ನೋಡುವ ದಾರಿಯನ್ನು ಗೊತ್ತುಮಾಡಿದ ಮೂರು ಸರ್ಕ್ಯೂಟ್‌ಗಳಿವೆ, ಟಿಕೆಟ್‌ನಲ್ಲಿ ದಿನವೂ ಪ್ರವೇಶದ ಸಮಯವೂ ನಿಗದಿಯಾಗಿರುತ್ತದೆ. ಒಂದನೆಯದು ಮೇಲಿನಿಂದ ನೋಟಕ್ಕಷ್ಟೇ, ಮೂರನೆಯದು ಕೆಳಭಾಗಕ್ಕಷ್ಟೇ. ಎರಡೂ ಬೇಕೆನ್ನುವವರು ಎರಡನೆಯ ಸರ್ಕ್ಯೂಟ್ ತೆಗೆದುಕೊಳ್ಳಬೇಕು. ಒಣಹವೆಯ ತಿಂಗಳುಗಳಲ್ಲಿ ಅದು ತಿಂಗಳುಗಟ್ಟಲೆ ಮೊದಲೇ ಖಾಲಿ. ಸಂಸ್ಕೃತಿ ಸಚಿವಾಲಯದ ಅಧಿಕೃತ ತಾಣದಲ್ಲೇ ಕೊಳ್ಳಿ, ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಒಂದಕ್ಷರವೂ ತಪ್ಪದಿರಲಿ. ದಿನಾಂಕ ಆರಿಸುವಾಗ ನಡಿಗೆ ಮುಗಿಯುವ ಮರುದಿನಕ್ಕೆ ಇಡಬೇಡಿ, ಅದರ ಮರುದಿನಕ್ಕೆ ಇಡಿ. ದಾರಿಯಲ್ಲಿ ಒಂದು ಗುಡ್ಡ ಜಾರಿದರೂ, ಒಬ್ಬರಿಗೆ ಹೊಟ್ಟೆ ಕೆಟ್ಟರೂ ಆ ಒಂದು ದಿನವೇ ಕಾಪಾಡುವುದು. ಟಿಕೆಟ್ ಸಿಗದೇ ಹೋದರೆ ಮಾಚು ಪಿಚುವಿನ ಬುಡದ ಅಗ್ವಾಸ್ ಕಾಲಿಯೆಂತೆಸ್ ಊರಿನ ಕೌಂಟರ್‌ನಲ್ಲಿ ಪ್ರತಿದಿನ ಒಂದಷ್ಟು ಟಿಕೆಟ್ ಮಾರುತ್ತಾರೆ, ಸರದಿಯಲ್ಲಿ ನಿಂತು ಮರುದಿನದ್ದೋ ಅದರ ಮರುದಿನದ್ದೋ ಪಡೆಯಬೇಕು.

ವಿಮೆ ಮಾಡಿಸುವಾಗ 5,000 ಮೀಟರ್ ಎತ್ತರದವರೆಗಿನ ಚಾರಣವೂ, ಹೆಲಿಕಾಪ್ಟರ್‌ನಲ್ಲಿ ಸಾಗಿಸುವ ಖರ್ಚೂ ಸೇರಿದೆಯೇ ಅಂತ ಷರತ್ತುಗಳಲ್ಲಿ ಓದಿ ನೋಡಿ. ಸಾಮಾನ್ಯ ಪ್ರವಾಸಿ ವಿಮೆಗಳಲ್ಲಿ ಅನೇಕವು 3,000 ಅಥವಾ 4,000 ಮೀಟರ್‌ಗೆ ಕೈಚೆಲ್ಲುತ್ತವೆ.

ಇನ್ನು ಮೈಯ ತಯಾರಿ. ಕರ್ನಾಟಕದಲ್ಲಿ ಎತ್ತರಕ್ಕೆ ಅಭ್ಯಾಸ ಮಾಡಿಕೊಳ್ಳುವ ಜಾಗವೇ ಇಲ್ಲ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯ 1,930 ಮೀಟರ್ ಅಂದರೆ ಈ ದಾರಿಯಲ್ಲಿ ಕಮರಿಯೊಳಗಿನ ಚಿಕಿಸ್ಕಾ ಶಿಬಿರದ ಮಟ್ಟ. ಆದರೆ ಏರಿಳಿತದ ಅಭ್ಯಾಸಕ್ಕೆ ನಮ್ಮ ಘಟ್ಟ ಸಾಲದೆ ಇಲ್ಲ. ಕುಕ್ಕೆಯಿಂದ ಕುಮಾರಪರ್ವತದ ನೆತ್ತಿಗೆ ಸುಮಾರು 1,600 ಮೀಟರ್ ಏರು; ರೊಸಲಿನಾದಿಂದ ಮರಂಪಾಟಾಕ್ಕೆ 1,400. ಬೆನ್ನ ಮೇಲೆ 8 ಕೆ.ಜಿ. ಹೊತ್ತು ಕುಮಾರಪರ್ವತ ಹತ್ತಿ ಇಳಿದ ಮರುದಿನವೂ ಮೆಟ್ಟಿಲು ಇಳಿಯಲು ಮಂಡಿ ಒಪ್ಪಿದರೆ ನೀವು ತಯಾರು. ಮೂರು ತಿಂಗಳು ಮೊದಲೇ ಶುರುಮಾಡಿ; ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಅಭ್ಯಾಸ ಮಾಡಿ, ಲಿಫ್ಟ್‌ನಲ್ಲಿ ಹೋಗಿ ಮೆಟ್ಟಿಲಲ್ಲಿ ಇಳಿದರೂ ಆದೀತು.

ಎತ್ತರಕ್ಕೆ ಒಗ್ಗಿಕೊಳ್ಳುವುದು

ಲಿಮಾ ಸಮುದ್ರದ ದಂಡೆಯಲ್ಲಿದೆ, ಕುಸ್ಕೊ 3,400 ಮೀಟರ್‌ನಲ್ಲಿ. ವಿಮಾನದಲ್ಲಿ ಒಂದೂವರೆ ಗಂಟೆ. ಇಳಿದ ದಿನವೇ ಊರು ಸುತ್ತಲು ಹೊರಟವರಿಗೆ ಸಂಜೆಗೆ ತಲೆಸಿಡಿತ, ವಾಕರಿಕೆ ಗ್ಯಾರಂಟಿ. ಅಲ್ಲಿಯವರು ಇದನ್ನು ಸೊರೊಚೆ ಅನ್ನುತ್ತಾರೆ. ವಿಮಾನ ನಿಲ್ದಾಣದಿಂದ ನೇರ ಒಯಾಂತಾಯ್ತಾಂಬೊಗೆ ಹೋಗಿ ಎರಡು ರಾತ್ರಿ ಅಲ್ಲಿ ಉಳಿಯುವುದು ಜಾಣತನ. ಅದು 2,800 ಮೀಟರ್‌ಗಿಂತ ತುಸು ಕೆಳಗಿದೆ, ಇಂಕಾ ಕೋಟೆಯೂ ಇದೆ. ಆಮೇಲೆ ಕುಸ್ಕೊದಲ್ಲಿ ಎರಡು ರಾತ್ರಿ. ಸೊರೊಚೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ಬೇಕೆನ್ನುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ. ಸಲ್ಫಾ ಔಷಧ ಒಗ್ಗದವರು ಇದನ್ನು ಮುಂಚಿತವಾಗಿ ಹೇಳಲೇಬೇಕು. ಮಾತ್ರೆಯಿಂದ ಬೆರಳ ತುದಿ ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗುವುದು ಸಹಜ.

ಹೇಸರಗತ್ತೆ ಬೇಕೆ

ಮೂರು ಆಯ್ಕೆ: ಕುಸ್ಕೊದ ಸಂಸ್ಥೆಯೊಂದಕ್ಕೆ ಪೂರ್ತಿ ಒಪ್ಪಿಸುವುದು, ನಡಿಗೆ ಶುರುವಾಗುವ ಕಚೋರಾ ಊರಲ್ಲಿ ಹೇಸರಗತ್ತೆಯನ್ನೂ ಅದರ ಯಜಮಾನನನ್ನೂ ಗೊತ್ತುಮಾಡಿಕೊಳ್ಳುವುದು, ಅಥವಾ ಎಲ್ಲ ನೀವೇ ಹೊರುವುದು. ಮಧ್ಯದ್ದೇ ನಮ್ಮ ಶಿಫಾರಸು. ಅರಿಯೆರೊ ಅಂತ ಕರೆಯುವ ಈ ಹೇಸರಗತ್ತೆಯವರಿಗೆ ಯಾವ ತಿರುವಿನಲ್ಲಿ ಗುಡ್ಡ ಕುಸಿದಿದೆ, ಯಾವ ತೊರೆ ಬತ್ತಿದೆ ಅಂತ ಆ ವಾರದ ಸುದ್ದಿ ಗೊತ್ತಿರುತ್ತದೆ. ಕೂಲಿಯನ್ನು ಮನುಷ್ಯನಿಗೆ ಬೇರೆ, ಪ್ರಾಣಿಗೆ ಬೇರೆ, ದಿನದ ಲೆಕ್ಕದಲ್ಲಿ ಮಾತಾಡಬೇಕು. ಜಗಳ ಆಗುವುದು ಇಲ್ಲೇ: ಯನಾಮಾದಲ್ಲೋ ತೊತೊರಾದಲ್ಲೋ ನಿಮ್ಮನ್ನು ಬಿಟ್ಟಮೇಲೆ ಅವರು ಬರಿಗೈಲಿ ವಾಪಸು ನಡೆಯುವ ದಿನಗಳಿಗೂ ಕೂಲಿ ಕೊಡಬೇಕು. ಅವರ ಊಟ ಯಾರದ್ದು, ಮಲಗಲು ಟೆಂಟು ಯಾರದ್ದು ಅನ್ನುವುದನ್ನೂ ಹೊರಡುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಒಂದು ಪ್ರಾಣಿಗೆ 40 ಕೆ.ಜಿ. ಮೀರದಂತೆ ಹೇರು ಕಟ್ಟಿಸಿ, ಎರಡು ಬದಿ ಸಮ ತೂಗಬೇಕು. ಒಂದೇ ದೊಡ್ಡ ಸೂಟ್‌ಕೇಸ್ ತಂದರೆ ಕಟ್ಟಲಾಗುವುದಿಲ್ಲ, ಮೆತ್ತನೆಯ ಎರಡು ಚೀಲ ತನ್ನಿ.

ಹೇರು ಮುಂದೆ ಹೋಗಿಬಿಡುತ್ತದೆ, ಸಂಜೆಯವರೆಗೆ ಸಿಗುವುದಿಲ್ಲ. ಹಾಗಾಗಿ ನಿಮ್ಮ ಬೆನ್ನ ಚೀಲದಲ್ಲಿ ನೀರು, ಮಳೆಕೋಟು, ಒಂದು ಬೆಚ್ಚನೆ ಅಂಗಿ, ಹೆಡ್‌ಲ್ಯಾಂಪ್, ಔಷಧಿ, ಪಾಸ್‌ಪೋರ್ಟ್, ಹಣ ಇರಲೇಬೇಕು.

ಕಿರಿದಾದ ಹಾದಿಯಲ್ಲಿ ಎದುರಿಂದ ಹೇಸರಗತ್ತೆಗಳ ಸಾಲು ಬಂದರೆ ಗುಡ್ಡದ ಕಡೆಗೆ ಒತ್ತಿ ನಿಲ್ಲಿ, ಕಮರಿಯ ಕಡೆಗೆ ಯಾವತ್ತೂ ಬೇಡ. ಸಭ್ಯತೆಗೆ ಅಂತ ಅಂಚಿಗೆ ಸರಿದು ನಿಂತವರನ್ನು ಹೇರಿನ ಮೂಲೆ ತಾಗಿ ಕೆಳಗೆ ತಳ್ಳಬಲ್ಲದು. ಪ್ರಾಣಿಗೆ ತನ್ನ ಹೊಟ್ಟೆಯ ಅಗಲ ಗೊತ್ತು, ಬೆನ್ನ ಮೇಲಿನ ಹೇರಿನ ಅಗಲ ಗೊತ್ತಿಲ್ಲ.

ಚೀಲದಲ್ಲಿ ಏನಿರಬೇಕು

ಬೂಟು ನಿಮ್ಮ ಅಳತೆಗಿಂತ ಅರ್ಧ ಸಂಖ್ಯೆ ದೊಡ್ಡದಿರಲಿ, ಕನಿಷ್ಠ 60–70 ಕಿ.ಮೀ. ನಡೆದು ಹಳತು ಮಾಡಿದ್ದಿರಲಿ. ಹೊರಡುವ ಎರಡು ದಿನ ಮೊದಲು ಕಾಲ್ಬೆರಳ ಉಗುರು ಕತ್ತರಿಸಿಕೊಳ್ಳಿ. ಮೊದಲ ದಿನದ 1,400 ಮೀಟರ್ ಇಳಿಜಾರಿನಲ್ಲಿ ಉಗುರು ಬೂಟಿನ ಮೂತಿಗೆ ಸಾವಿರಾರು ಸಲ ಬಡಿಯುತ್ತದೆ, ಉದ್ದ ಇದ್ದರೆ ಕಪ್ಪಾಗಿ ಕಳಚಿಕೊಳ್ಳುತ್ತದೆ. ಇಳಿಯುವಾಗ ಲೇಸನ್ನು ಹಿಮ್ಮಡಿ ಅಲುಗದಂತೆ ಕಟ್ಟಬೇಕು: ಬೂಟಿನ ಮೇಲಿನ ಕೊನೆಯ ಎರಡು ತೂತುಗಳಲ್ಲಿ ಲೇಸನ್ನು ಅಡ್ಡ ದಾಟಿಸದೆ ಅದೇ ಬದಿಯಲ್ಲಿ ಏರಿಸಿ ಸಣ್ಣ ಕುಣಿಕೆ ಮಾಡಿ, ಆ ಬದಿಯ ತುದಿಯನ್ನು ಈ ಬದಿಯ ಕುಣಿಕೆಯೊಳಗೆ, ಈ ಬದಿಯದನ್ನು ಆ ಬದಿಯ ಕುಣಿಕೆಯೊಳಗೆ ತೂರಿಸಿ ಬಿಗಿದು ಗಂಟುಹಾಕಿ. ಪಾದ ಮುಂದಕ್ಕೆ ಜಾರುವುದು ನಿಲ್ಲುತ್ತದೆ. ಚರ್ಮ ಎಲ್ಲಾದರೂ ಬಿಸಿಯಾದಂತೆ ಅನಿಸಿದ ತಕ್ಷಣ ನಿಂತು ಟೇಪು ಅಂಟಿಸಿ. ಬೊಬ್ಬೆ ಎದ್ದಮೇಲೆ ಅಂಟಿಸಿದರೆ ಬರುವುದು ಹಿಂಸೆಯೇ ಹೊರತು ಉಪಶಮನ ಅಲ್ಲ.

ವಾಕಿಂಗ್ ಪೋಲ್ ಎರಡೂ ಬೇಕು, ಇಳಿಯುವಾಗ 5–10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಮೈನಸ್ 5 ಡಿಗ್ರಿಗೆ ನೆಮ್ಮದಿ ಕೊಡುವ ಸ್ಲೀಪಿಂಗ್ ಬ್ಯಾಗ್, ಗಾಳಿ ಮಳೆ ತಡೆಯುವ ಟೆಂಟು, ಉಣ್ಣೆಯ ಟೊಪ್ಪಿ ಮತ್ತು ಕೈಗವಸು, ಜೊತೆಗೆ ಅಗಲ ಅಂಚಿನ ಬಿಸಿಲು ಟೊಪ್ಪಿ. ಬಟ್ಟೆಯ ಲೆಕ್ಕ ಸರಳ: ನಡೆಯಲು ಎರಡು ಜೊತೆ, ಮಲಗಲು ಒಣಗಿದ ಒಂದು ಜೊತೆ, ಆ ಮೂರನೆಯದನ್ನು ಹಗಲು ಮುಟ್ಟುವಂತಿಲ್ಲ. ಜೀನ್ಸ್ ಬೇಡ.

ಚಿಕಿಸ್ಕಾ, ರೊಸಲಿನಾ, ಸಾಂತಾ ರೋಸಾಗಳಲ್ಲಿ ಕಣ್ಣಿಗೆ ಕಾಣಿಸದಷ್ಟು ಸಣ್ಣ ನೊಣ ಇದೆ, ಸ್ಥಳೀಯರು ಪೂಮಾವನ್ನೂ ಅಳಿಸುವ ನೊಣ ಅಂತ ಕರೆಯುತ್ತಾರೆ. ಕಚ್ಚಿದಾಗ ಗೊತ್ತಾಗುವುದಿಲ್ಲ, ಒಂದು ತೊಟ್ಟು ರಕ್ತ ಕಾಣುತ್ತದೆ, ಆಮೇಲೆ ವಾರಗಟ್ಟಲೆ ತುರಿಕೆ. ಚಡ್ಡಿ ಹಾಕಿಕೊಂಡು ಇಳಿದವರ ಮೊಣಕಾಲ ಕೆಳಗೆ ಲೆಕ್ಕ ಹಾಕಲಾಗದಷ್ಟು ಗುರುತುಗಳಿರುತ್ತವೆ. ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು, 30 ಶೇಕಡಾ ಡೀಟ್ ಇರುವ ಲೋಷನ್. ತುರಿಕೆಗೆ ಸೆಟ್ರಿಜಿನ್ ಮಾತ್ರೆ ಇರಲಿ.

ಊಟ, ನೀರು

ಚಿಕಿಸ್ಕಾ, ಸಾಂತಾ ರೋಸಾ, ಮರಂಪಾಟಾ, ಯನಾಮಾಗಳಲ್ಲಿ ಮನೆಯವರೇ ಊಟ ಮಾಡಿಕೊಡುತ್ತಾರೆ, ಟೆಂಟು ಹಾಕಲು ಜಾಗ ಕೊಡುತ್ತಾರೆ. ಅನ್ನ, ಆಲೂಗಡ್ಡೆ, ಮೊಟ್ಟೆ, ಸೂಪು, ಕೋಕಾ ಎಲೆಯ ಕಷಾಯ. ಸಸ್ಯಾಹಾರಿಗಳು ‘ವೆಹೆತಾರಿಯಾನೊ’ ಅಂದರೆ ಸಾಲದು; ಮಾಂಸ ತೆಗೆದಿಟ್ಟು ಕೋಳಿ ಬೇಯಿಸಿದ ನೀರಿನ ಸೂಪನ್ನೇ ಕೊಡುವುದು ಮಾಮೂಲು. ‘ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಕಾಲ್ದೊ ದೆ ಪೊಯೊ’ ಅನ್ನಿ: ಮಾಂಸ ಬೇಡ, ಕೋಳಿ ಬೇಡ, ಕೋಳಿಯ ರಸವೂ ಬೇಡ. ಮೊಟ್ಟೆ ತಿನ್ನುವವರಿಗೆ ತೊಂದರೆಯೇ ಇಲ್ಲ, ತಿನ್ನದವರಿಗೆ ಆಲೂಗಡ್ಡೆ ಮತ್ತು ಅನ್ನವೇ ಗತಿ.

ಚೊಕೆಕಿರಾವ್ ಬಿಟ್ಟಮೇಲೆ ಯನಾಮಾ ತಲುಪುವವರೆಗೆ ಊಟ ಸಿಗುತ್ತದೆ ಅಂತ ನಂಬಬೇಡಿ. ಮೈಸಾಲ್‌ನಲ್ಲಿ ಮನೆ ಇದೆ, ಆದರೆ ಅವರು ಆ ದಿನ ಹೊಲಕ್ಕೋ ಪೇಟೆಗೋ ಹೋಗಿದ್ದರೆ ನಿಮ್ಮ ಪಾಡು ನಿಮ್ಮದು. ಮೂರು ದಿನದ ಪೂರ್ತಿ ಅಡುಗೆ ಸಾಮಾನು, ದಿನಕ್ಕೆ ಒಬ್ಬರಿಗೆ 700 ಗ್ರಾಂ. ಒಣಪದಾರ್ಥದ ಲೆಕ್ಕದಲ್ಲಿ ಜೊತೆಗಿರಬೇಕು.

ಇಲ್ಲಿ ನಮ್ಮವರು ಮಾಡುವ ತಪ್ಪು ಬೇಳೆ ಒಯ್ಯುವುದು. 3,500 ಮೀಟರ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಅದಕ್ಕಿಂತ ಬಿಸಿ ಏರುವುದೇ ಇಲ್ಲ. ತೊಗರಿಬೇಳೆ ಎರಡು ಗಂಟೆ ಕುದಿಸಿದರೂ ಕಾಳುಕಾಳಾಗಿ ನಿಲ್ಲುತ್ತದೆ, ಗ್ಯಾಸು ಮಾತ್ರ ಖಾಲಿ. ಕುಕ್ಕರ್ ಹೊರುವವರು ಯಾರು? ಗೊಜ್ಜವಲಕ್ಕಿ ಪುಡಿ ಬೆರೆಸಿದ ತೆಳು ಅವಲಕ್ಕಿ, ಹುರಿದ ರವೆಯ ಉಪ್ಪಿಟ್ಟಿನ ಮಿಶ್ರಣ, ಓಟ್ಸ್ ಸಾಕು. ಇವಕ್ಕೆ ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಹತ್ತು ನಿಮಿಷದ ಕೆಲಸ. ಕುಸ್ಕೊದ ಸಾನ್ ಪೆದ್ರೊ ಮಾರುಕಟ್ಟೆಯಲ್ಲಿ ಕಿನೋವಾದ ಹಿಟ್ಟು, ಹುರಿದ ಜೋಳ, ಒಣಹಣ್ಣು, ಗಿಣ್ಣು ಎಲ್ಲ ಸಿಗುತ್ತದೆ. ಊರಿಂದ ಒಯ್ಯುವುದು ಕಂಪನಿಯ ಮುದ್ರೆ ಇರುವ ಪೊಟ್ಟಣದಲ್ಲಿರಲಿ, ಕಸ್ಟಮ್ಸ್‌ನಲ್ಲಿ ಘೋಷಿಸಿ. ಬಿತ್ತಿದರೆ ಮೊಳೆಯುವಂಥ ಕಾಳು, ಹಸಿ ಹಣ್ಣು ಬೇಡವೇ ಬೇಡ. ಸ್ಟವ್‌ನ ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಕುಸ್ಕೊದಲ್ಲಿ ಕೊಳ್ಳಿ. ಕಚೋರಾದಲ್ಲಿ ಸಿಗುತ್ತದೆ ಅಂತ ಭರವಸೆ ಇಟ್ಟುಕೊಳ್ಳಬೇಡಿ.

ಎಲ್ಲ ತೊರೆಗಳ ಮೇಲ್ಗಡೆಯೂ ದನ, ಹೇಸರಗತ್ತೆ ಮೇಯುತ್ತವೆ. ನೀರನ್ನು ಸೋಸಬೇಕು ಇಲ್ಲವೇ ಮೂರು ನಿಮಿಷ ಕುದಿಸಬೇಕು ಇಲ್ಲವೇ ಕ್ಲೋರಿನ್ ಮಾತ್ರೆ ಹಾಕಬೇಕು. ಮಾತ್ರೆ ಹಾಕಿದರೆ ಅರ್ಧ ಗಂಟೆ, ಮಂಜಿನಷ್ಟು ತಣ್ಣಗಿದ್ದರೆ ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಕಮರಿಯ ಎರಡೂ ಬದಿಯಲ್ಲಿ ತಲಾ 3 ಲೀಟರ್ ಹೊತ್ತೇ ಹೊರಡಿ. ಓಆರ್‌ಎಸ್ ಪೊಟ್ಟಣ ದಿನಕ್ಕೆ ಎರಡರಂತೆ.

ಹಣ ನಗದಿನಲ್ಲೇ ಬೇಕು. ಕುಸ್ಕೊದಲ್ಲೇ 10, 20 ಸೋಲ್‌ನ ನೋಟು ಮಾಡಿಸಿಕೊಳ್ಳಿ. ಮರಂಪಾಟಾದಲ್ಲಿ 200ರ ನೋಟಿಗೆ ಚಿಲ್ಲರೆ ಸಿಗುವುದಿಲ್ಲ.

ದಿನದಿನದ ನಡಿಗೆ

ಕುಸ್ಕೊದಿಂದ ಅಬಾಂಕಾಯ್ ಕಡೆಯ ಬಸ್ಸು ಹತ್ತಿ, ‘ರಮಾಲ್ ದೆ ಕಚೋರಾ’ ತಿರುವಿನಲ್ಲಿ ಇಳಿಸಲು ಚಾಲಕನಿಗೆ ಹೇಳಿ. ಸುಮಾರು ನಾಲ್ಕು ಗಂಟೆ. ಆ ತಿರುವಿನ ಹತ್ತಿರದಲ್ಲೇ ಸೈವಿತೆಯ ಕಲ್ಲು ಇದೆ. ಒಂದೇ ಬಂಡೆಯ ಮೇಲೆ ಮೆಟ್ಟಿಲು, ಕಾಲುವೆ, ಪ್ರಾಣಿಗಳು ಅಂತ 200ಕ್ಕೂ ಹೆಚ್ಚು ಆಕೃತಿ ಕೆತ್ತಿದ್ದಾರೆ. ಬೆಳಗಿನ ಬಸ್ಸಿಗೆ ಬಂದಿದ್ದರೆ ನೋಡಿಕೊಂಡೇ ಹೋಗಿ. ತಿರುವಿನಿಂದ ಕಚೋರಾಗೆ ಹಂಚಿಕೆಯ ಟ್ಯಾಕ್ಸಿ. ರಾತ್ರಿ ಅಲ್ಲೇ ಉಳಿದು ಹೇಸರಗತ್ತೆ ಮಾತಾಡಿಕೊಳ್ಳಿ, ಹಾದಿಯ ಸ್ಥಿತಿ ಕೇಳಿಕೊಳ್ಳಿ.

ಮೊದಲ ದಿನ ಕಚೋರಾದಿಂದ ಕಪುಲಿಯೋಕ್‌ವರೆಗಿನ ಮಣ್ಣುರಸ್ತೆಯನ್ನು ಟ್ಯಾಕ್ಸಿಯಲ್ಲೇ ಮುಗಿಸಿ. ಅದನ್ನು ನಡೆಯುವುದರಲ್ಲಿ ಸಾಹಸವೇನೂ ಇಲ್ಲ, ಮೂರು ಗಂಟೆ ಧೂಳು. ಕಪುಲಿಯೋಕ್ ಸುಮಾರು 2,900 ಮೀಟರ್. ಅಲ್ಲಿಂದ ಅಪುರಿಮಾಕ್ ಕಮರಿ ಬಾಯ್ದೆರೆದು ಕಾಣುತ್ತದೆ, ಆಚೆ ದಂಡೆಯಲ್ಲಿ ನಾಳೆ ಹತ್ತಬೇಕಾದ ಅಂಕುಡೊಂಕು ಹಾದಿಯೂ ಗೆರೆ ಎಳೆದಂತೆ ಕಾಣುತ್ತದೆ. ಚಿಕಿಸ್ಕಾಗೆ ಮೂರು ಗಂಟೆ, ಇನ್ನೊಂದು ಗಂಟೆಗೆ ನದಿದಂಡೆಯ ರೊಸಲಿನಾ, ಸುಮಾರು 1,500 ಮೀಟರ್. ಮಂಡಿ ಗಟ್ಟಿಯಿದ್ದರೆ ರೊಸಲಿನಾವರೆಗೆ ಇಳಿದುಬಿಡಿ, ಮರುದಿನದ ಒಂದು ಗಂಟೆ ಉಳಿಯುತ್ತದೆ. ಚಿಕಿಸ್ಕಾದಲ್ಲಿ ನೆರಳು, ಊಟ ಎರಡೂ ಉತ್ತಮ.

ಎರಡನೆಯ ದಿನ ಬೆಳಗಿನ ನಾಲ್ಕಕ್ಕೆ ಹೆಡ್‌ಲ್ಯಾಂಪ್ ಹಾಕಿಕೊಂಡು ಸೇತುವೆ ದಾಟಿ. ಸಾಂತಾ ರೋಸಾ 2,100 ಮೀಟರ್, ಬಿಸಿಲು ಬೀಳುವ ಹೊತ್ತಿಗೆ ಅದನ್ನು ದಾಟಿರಬೇಕು. ಅಲ್ಲಿ ನೀರು ತುಂಬಿಕೊಂಡು ಮರಂಪಾಟಾಗೆ ಇನ್ನೂ ಎರಡೂವರೆಯಿಂದ ಮೂರು ಗಂಟೆ. ಎಂಟಕ್ಕೆ ಹೊರಟವರು ಹನ್ನೊಂದರ ಹೊತ್ತಿಗೆ ಸಾಂತಾ ರೋಸಾದ ಮೇಲಿನ ತಿರುವುಗಳಲ್ಲಿ ನೀರು ಮುಗಿಸಿ ಕೂತಿರುತ್ತಾರೆ. ಬಿಸಿಲಿನ ಹೊಡೆತಕ್ಕೆ ವಾಂತಿ, ತಲೆಸುತ್ತು ಶುರುವಾದರೆ ನೆರಳಿಗೆ ತಂದು, ಬಟ್ಟೆ ಒದ್ದೆ ಮಾಡಿ, ಓಆರ್‌ಎಸ್ ಗುಟುಕರಿಸಲು ಕೊಟ್ಟು, ಸಂಜೆ ನಾಲ್ಕರವರೆಗೆ ಕದಲಿಸಬಾರದು. ಮಧ್ಯಾಹ್ನಕ್ಕೇ ಮರಂಪಾಟಾ ತಲುಪಿದರೂ ಅವತ್ತೇ ಅವಶೇಷಗಳಿಗೆ ಓಡಬೇಡಿ.

ಮೂರನೆಯ ದಿನ ಪೂರ್ತಿ ಚೊಕೆಕಿರಾವ್‌ಗೆ. ಇದನ್ನು ಅರ್ಧ ದಿನಕ್ಕೆ ಇಳಿಸುವ ಕಾರ್ಯಕ್ರಮ ಯಾರಾದರೂ ಕೊಟ್ಟರೆ ಒಪ್ಪಿಕೊಳ್ಳಬೇಡಿ. ಮರಂಪಾಟಾದಿಂದ ಒಂದೂವರೆಯಿಂದ ಎರಡು ಗಂಟೆ ನಡಿಗೆ, 3,000 ಮೀಟರ್ ಮೇಲಿನ ಬೆಟ್ಟದ ಏಣು. ಅಮೆರಿಕದ ಅನ್ವೇಷಕ ಹೈರಮ್ ಬಿಂಗ್ಹಮ್ ಇಲ್ಲಿಗೆ 1909ರಲ್ಲೇ ಬಂದಿದ್ದ, ಮಾಚು ಪಿಚುವಿಗೆ ಹೋಗುವ ಎರಡು ವರ್ಷ ಮೊದಲು. ಇವತ್ತಿಗೂ ಊರಿನ ಹೆಚ್ಚಿನ ಪಾಲು ಕಾಡಿನಡಿಯೇ ಇದೆ. ಕುಸ್ಕೊದಲ್ಲಿ ಕಂಡ ಹಾಗೆ ಕೂದಲು ತೂರದಂತೆ ಜೋಡಿಸಿದ ಕಲ್ಲು ಇಲ್ಲಿಲ್ಲ. ಇಲ್ಲಿಯದು ಪದರಪದರವಾಗಿ ಒಡೆಯುವ ಕಲ್ಲು, ಹಾಗೆ ಕೆತ್ತಲು ಒಪ್ಪುವುದಿಲ್ಲ. ಅದಕ್ಕೇ ಮಣ್ಣಿನ ಗಾರೆಯಲ್ಲಿ ಕಟ್ಟಿ ಮೇಲೆ ಮೆತ್ತಿದ್ದರು. ಕೆಲವು ಗೋಡೆಗಳಲ್ಲಿ ಆ ಮೆತ್ತಿಗೆ ಈಗಲೂ ಕೈಯಗಲ ಉಳಿದಿದೆ.

ಬೆಳಿಗ್ಗೆ ಮೊದಲು ಲಾಮಾ ಮೆಟ್ಟಿಲು ಹೊಲಗಳಿಗೆ ಇಳಿಯಿರಿ. ಮುಖ್ಯ ಚೌಕದ ಹಿಂಬದಿಯಿಂದ ಕಡಿದಾದ ಇಳಿಜಾರು, ನೋಡಿಕೊಂಡು ವಾಪಸು ಹತ್ತಲು ಎರಡು ಗಂಟೆ ಬೇಕು. ಕಪ್ಪು ಗೋಡೆಯೊಳಗೆ ಬಿಳಿ ಕಲ್ಲು ಕೂರಿಸಿ ಮಾಡಿದ ಇಪ್ಪತ್ತಕ್ಕೂ ಹೆಚ್ಚು ಲಾಮಾಗಳಿವೆ, ಮೇಲ್ಗಡೆಯ ಸಾಲುಗಳಲ್ಲಿ ಅಂಕುಡೊಂಕು ಗೆರೆಗಳು. ಮೆಟ್ಟಿಲಿನ ಮೇಲೇ ನಿಂತರೆ ಬಿಳಿ ತುಣುಕುಗಳಷ್ಟೇ ಕಾಣುತ್ತವೆ. ಪಕ್ಕದ ನೋಟದ ಕಟ್ಟೆಗೆ ಹೋದರೆ ಹಿಂಡು ಪೂರ್ತಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಚೌಕ, ನೀರಿನ ಕಾಲುವೆ, ನೆತ್ತಿ ಕತ್ತರಿಸಿ ಸಮತಟ್ಟು ಮಾಡಿದ ಉಷ್ನು, ಅಂದರೆ ಪೂಜಾವಿಧಿಯ ದಿಬ್ಬ. ಮಧ್ಯಾಹ್ನದ ಬಿಸಿಗಾಳಿ ಏರುವಾಗ ಉಷ್ನುವಿನ ಮೇಲೆ ಕೂತರೆ ಕಾಂಡೊರ್ ಹದ್ದು ಕಾಣುವ ಅವಕಾಶ ಹೆಚ್ಚು. ಕೇಬಲ್ ಕಾರ್ ಹಾಕುವ ಯೋಜನೆ ವರ್ಷಗಳಿಂದ ಬಾಯಿಮಾತಲ್ಲೇ ಇದೆ. ಬರುವ ಮುಂಚೆ ಹೋಗಿಬಂದರೆ ಈ ಏಕಾಂತ ಸಿಕ್ಕೀತು.

ನಾಲ್ಕನೆಯ ದಿನದ್ದೇ ಕಠಿಣ ನಡಿಗೆ. ಅವಶೇಷಗಳ ಮೇಲಿನ ಏಣು ದಾಟಿ ಪಿಂಚೌನುಯೋಕ್‌ಗೆ ಮೂರು ನಾಲ್ಕು ಗಂಟೆ ಇಳಿತ. ಅಲ್ಲಿ ಇಂಕಾ ಮೆಟ್ಟಿಲು ಹೊಲಗಳೂ ಇನ್ನೂ ಹರಿಯುವ ನೀರೂ ಇವೆ. ಮುಂದೆ ರಿಯೊ ಬ್ಲಾಂಕೊ ತಳಕ್ಕೆ, 2,000 ಮೀಟರ್‌ಗೂ ಕೆಳಗೆ. ಅಲ್ಲಿಂದ ಮೈಸಾಲ್‌ಗೆ ಸಾವಿರ ಮೀಟರ್ ಏರು, ನೆರಳಿಲ್ಲ, ತುದಿಯವರೆಗೆ ನೀರಿಲ್ಲ. ಒಂದೇ ದಿನದಲ್ಲಿ ಮಾಡುವವರು ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಆ ಏರಿಗೆ ಬಂದು ಸಿಕ್ಕಿಬೀಳುತ್ತಾರೆ. ಎರಡು ಭಾಗ ಮಾಡಿ: ಪಿಂಚೌನುಯೋಕ್‌ನಲ್ಲಿ ಟೆಂಟು ಹಾಕಿ, ಮರುದಿನ ನಸುಕಿಗೆ ನದಿ ದಾಟಿ ಹತ್ತು ಗಂಟೆಗೆ ಮೈಸಾಲ್. ಹೆಚ್ಚುವರಿ ದಿನ ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೊಳೆ ಉಕ್ಕಿದ್ದರೆ ದಾಟಬೇಡಿ, ಬೆಳಗಿನ ಹೊತ್ತು ನೀರು ಇಳಿದಿರುತ್ತದೆ.

ಮೈಸಾಲ್‌ನಿಂದ ಸಾನ್ ಹುವಾನ್ ಪಾಸ್‌ಗೆ, ಸುಮಾರು 4,150 ಮೀಟರ್, ನಾಲ್ಕು ಗಂಟೆ. ಮೊದಲರ್ಧ ಮೋಡದ ಕಾಡು, ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಮೇಲೆ ಇಂಕಾ ಕಲ್ಲುಹಾಸು ಅಲ್ಲಲ್ಲಿ ಉಳಿದಿದೆ, ದಾರಿಬದಿಯಲ್ಲಿ ವಿಕ್ಟೋರಿಯಾ ಗಣಿಗಳ ಬಿಲಗಳು ಬಾಯಿಬಿಟ್ಟುಕೊಂಡಿವೆ. ಒಳಗೆ ಇಣುಕುವುದು ಬೇಡ. ಆಚೆ ಇಳಿದರೆ 3,500 ಮೀಟರ್‌ನ ಯನಾಮಾ.

ಯನಾಮಾದಿಂದ ಮುಂದಿನದು ಈ ದಾರಿಯ ಅತಿ ಎತ್ತರದ ಪಾಸ್, 4,668 ಮೀಟರ್. ಈಗ ಅದರ ಮೇಲೆ ಮಣ್ಣುರಸ್ತೆ ಇರುವುದರಿಂದ ಯನಾಮಾದಲ್ಲಿ ವಾಹನ ಸಿಕ್ಕರೆ ಹತ್ತಿಬಿಡಬಹುದು, ಅದರಲ್ಲಿ ನಾಚಿಕೆ ಏನಿಲ್ಲ. ನಡೆಯುವವರು ಐದಕ್ಕೇ ಹೊರಡಿ. ಮಧ್ಯಾಹ್ನದ ಮೇಲೆ ಪಾಸ್‌ನಲ್ಲಿ ಆಲಿಕಲ್ಲು, ಗಾಳಿ. ಸೂಕ್ಷ್ಮ ಏನೆಂದರೆ, ಕಮರಿಯಲ್ಲಿ ಕೆಳಗೆ ಕಳೆದ ದಿನಗಳಿಂದ ಕುಸ್ಕೊದಲ್ಲಿ ಗಳಿಸಿದ ಒಗ್ಗಿಕೆ ಒಂದಿಷ್ಟು ಕಳೆದಿರುತ್ತದೆ. ತಲೆನೋವಿಗೆ ನೀರು, ವಿಶ್ರಾಂತಿ ಸಾಕು. ಕೂತಿದ್ದಾಗಲೂ ಏದುಸಿರು, ಕೆಮ್ಮಿನಲ್ಲಿ ಗುಲಾಬಿ ಬಣ್ಣದ ನೊರೆ, ಗೆರೆಯ ಮೇಲೆ ನೇರ ಹೆಜ್ಜೆ ಇಡಲಾಗದಿರುವುದು, ಮಾತು ತೊದಲುವುದು ಕಂಡರೆ ಮಾತ್ರ ಚರ್ಚೆ ಬೇಡ, ರಾತ್ರಿಯಾಗಿದ್ದರೂ ಕೆಳಗಿಳಿಸಿ. ಇಳಿದು ತೊತೊರಾದಲ್ಲೋ ಇನ್ನೂ ಕೆಳಗೆ ಕೊಲ್ಪಪಂಪಾದಲ್ಲೋ ಮಲಗಬಹುದು.

ಕೊಲ್ಪಪಂಪಾದಲ್ಲಿ ಮಾಚು ಪಿಚುವಿಗೆ ಹೋಗುವ ಇನ್ನೊಂದು ಜನಪ್ರಿಯ ಚಾರಣವಾದ ಸಾಲ್ಕಂತಾಯ್ ದಾರಿ ಬಂದು ಸೇರುತ್ತದೆ. ಆರು ದಿನ ಬೆರಳೆಣಿಕೆಯ ಜನರನ್ನು ಕಂಡವರಿಗೆ ಇದ್ದಕ್ಕಿದ್ದಂತೆ ಜಾತ್ರೆ. ಲುಕ್ಮಬಂಬಾವರೆಗಿನ ಕಣಿವೆ ನಡಿಗೆ ಸುಲಭ, ಕಾಫಿ ತೋಟಗಳ ನಡುವೆ. ಕೊಡಗು ಚಿಕ್ಕಮಗಳೂರಿನವರು ಬೆಳೆಗಾರರ ಮನೆಯಂಗಳದಲ್ಲಿ ಬೀಜ ಹುರಿಯುವುದನ್ನು ನೋಡಿ ಎರಡು ಮಾತಾಡಲು ಸಮಯ ಇಟ್ಟುಕೊಳ್ಳಿ.

ಕೊನೆಯ ದಿನ ಇಂಕಾ ಹಾದಿಯಲ್ಲೇ ಏರಿ 2,700 ಮೀಟರ್‌ನ ಯಾಕ್ತಪಾಟಾ. ಕಣಿವೆಯ ಆಚೆ ಮಾಚು ಪಿಚು ಪಕ್ಕದ ನೋಟದಲ್ಲಿ ಕಾಣುವ ಅಪರೂಪದ ಜಾಗ ಇದು. ಮೋಡ ಏರುವ ಮುಂಚೆ, ಅಂದರೆ ಒಂಬತ್ತರೊಳಗೆ ತಲುಪಿದರೆ ಚೆನ್ನ. ಮುಂದೆ ಜಲವಿದ್ಯುತ್ ಕೇಂದ್ರದ ಬಳಿಯ ಇದ್ರೊಎಲೆಕ್ತ್ರಿಕಾಗೆ ಕಡಿದಾದ, ಮಳೆ ಬಂದರೆ ಕೆಸರಾಗುವ ಇಳಿತ. ಅಲ್ಲಿಂದ ರೈಲುಹಳಿಯ ಪಕ್ಕದ ಕಾಲುಹಾದಿಯಲ್ಲಿ 10–11 ಕಿ.ಮೀ., ಮೂರು ಗಂಟೆ. ಇಯರ್‌ಫೋನ್ ತೆಗೆದಿಡಿ, ಸುರಂಗದೊಳಗೆ ಹೋಗದೆ ಪಕ್ಕದ ಹಾದಿ ಹಿಡಿಯಿರಿ.

ಮಾಚು ಪಿಚುವಿನಲ್ಲಿ

ಅಗ್ವಾಸ್ ಕಾಲಿಯೆಂತೆಸ್‌ನಿಂದ ಬಸ್ಸು ಇದೆ, ಮೆಟ್ಟಿಲು ಹತ್ತಿದರೆ ಒಂದೂವರೆ ಗಂಟೆ. ಪ್ರವೇಶದ್ವಾರದಲ್ಲಿ ಅಸಲಿ ಪಾಸ್‌ಪೋರ್ಟ್ ಕೇಳುತ್ತಾರೆ, ಫೋನಿನ ಫೋಟೊ ನಡೆಯುವುದಿಲ್ಲ. 40×35×20 ಸೆಂ.ಮೀ.ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಟೆಂಟು ಗಿಂಟು ಹೋಟೆಲಿನಲ್ಲೇ ಬಿಟ್ಟು ಬನ್ನಿ. ಶೌಚಾಲಯ ದ್ವಾರದ ಹೊರಗಷ್ಟೇ ಇದೆ. ಸರ್ಕ್ಯೂಟ್ ಒಮ್ಮುಖ, ಫೋಟೊ ಸರಿಬರಲಿಲ್ಲ ಅಂತ ಹಿಂದಿರುಗಲು ಬಿಡುವುದಿಲ್ಲ. ಮೇಲಿನ ಕಟ್ಟೆಯಲ್ಲೇ ಬೇಕಾದಷ್ಟು ಹೊತ್ತು ನಿಂತು ಮುಂದೆ ಹೊರಡಿ.

ವಾಪಸು ಕುಸ್ಕೊಗೆ ಎರಡು ದಾರಿ: ಒಯಾಂತಾಯ್ತಾಂಬೊವರೆಗೆ ರೈಲು, ದುಬಾರಿ, ಇಲ್ಲವೇ ಮತ್ತೆ ಇದ್ರೊಎಲೆಕ್ತ್ರಿಕಾಗೆ ನಡೆದು ವ್ಯಾನಿನಲ್ಲಿ ಆರೇಳು ಗಂಟೆ, ಅಗ್ಗ. ವ್ಯಾನುಗಳು ಮಧ್ಯಾಹ್ನದ ಹೊತ್ತಿಗೆ ಹೊರಟುಬಿಡುತ್ತವೆ, ಹಾಗಾಗಿ ಮಾಚು ಪಿಚುವಿಗೆ ಬೆಳಗಿನ ಮೊದಲ ಟಿಕೆಟ್ ಇಲ್ಲದವರು ಇನ್ನೊಂದು ರಾತ್ರಿ ಉಳಿಯುವುದೇ ಸರಿ. ಚೀಲ ಕಟ್ಟುವಾಗ ಮೂಲೆಯಲ್ಲಿ ಉಳಿದ ಕೋಕಾ ಎಲೆ, ಕೋಕಾ ಚಹಾದ ಪೊಟ್ಟಣ ಎಲ್ಲ ತೆಗೆದು ಅಲ್ಲೇ ಬಿಡಿ. ಪೆರುವಿನಲ್ಲಿ ಹೋಟೆಲಿನ ಮೇಜಿನ ಮೇಲೇ ಇಟ್ಟಿರುವ ಆ ಎಲೆ ಭಾರತದಲ್ಲಿ ಮಾದಕವಸ್ತು ಕಾಯ್ದೆಯಡಿ ಅಪರಾಧ.